ಗೇಟಿಗೆ ಅಂಟಿಸುವ ಐದು ಸಾಲು

ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕಾರ್ಖಾನೆಯ ಕಾಂಪೌಂಡು ದಾಟಿದರೆ ಕಿಸಾನ್ ನಗರದ ಮನೆಗಳು ದೂರವೇನಲ್ಲ. ಇಂಥ ಕಡೆ ಸಣ್ಣ ಘಟಕ ನಡೆಸುವವರಿಗೆ ‘ಸಾರ್ವಜನಿಕ ಸಂಪರ್ಕ’ ಎಂದೊಡನೆ ನೆನಪಾಗುವುದು ದೊಡ್ಡ ಕಂಪನಿಗಳ ಪತ್ರಿಕಾಗೋಷ್ಠಿ, ಹೂಗುಚ್ಛ, ಊಟ. ಅದರ ನಿಜವಾದ ಬೆಲೆ ತಿಳಿಯುವುದು ಅವಘಡದ ಮರುದಿನ. ಅಂಥದೊಂದು ದಿನಕ್ಕೆಂದು ನಾನೇ ಬರೆದ ಮಾದರಿ ಪ್ರಕಟಣೆ ಇದು, ಘಟಕ ಕಾಲ್ಪನಿಕ. ಸಾಲು ಸಾಲಾಗಿ ನೋಡೋಣ.

1. “ನಿನ್ನೆ ರಾತ್ರಿ 10 ಗಂಟೆಗೆ ನಮ್ಮ ಬಾಯ್ಲರ್ ಕೋಣೆಗೆ ಬೆಂಕಿ ಬಿತ್ತು.”

‘ಸಣ್ಣದೊಂದು ಘಟನೆ’ ಎಂಬ ಮಾತು ಇಲ್ಲಿಲ್ಲ. ಬೆಂಕಿಯನ್ನು ಬೆಂಕಿ ಎಂದೇ ಕರೆದಿದೆ, ‘ನಮ್ಮ’ ಎಂದು ಒಪ್ಪಿಕೊಂಡಿದೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲು ಅಪಘಾತವಾದಾಗ ರೈಲ್ವೆ ಕಂಪನಿಯ ಪ್ರಚಾರ ಸಲಹೆಗಾರ ಐವಿ ಲೀ ಎಂಬಾತ ಕಂಪನಿಯಿಂದಲೇ ಸುದ್ದಿಯನ್ನು ಬರೆಸಿ ಪತ್ರಿಕೆಗಳಿಗೆ ಕೊಡಿಸಿದ. ಮುಚ್ಚಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಅದು ಹೊಸ ದಾರಿ. ಇಂದು ಫೈರ್ ಎಂಜಿನ್ ಬರುವ ಮೊದಲೇ ವಾಟ್ಸಾಪಿನಲ್ಲಿ ವೀಡಿಯೊ ಹರಿದಾಡುತ್ತದೆ. ಮುಚ್ಚಿಡಲು ಉಳಿದಿರುವುದೇನು?

2. “ಇಬ್ಬರು ಕಾರ್ಮಿಕರಿಗೆ ಸುಟ್ಟ ಗಾಯಗಳಾಗಿವೆ, ಮನೆಯವರಿಗೆ ತಿಳಿಸಿದ್ದೇವೆ.”

ನಷ್ಟದ ಲೆಕ್ಕಕ್ಕಿಂತ ಮೊದಲು ಮನುಷ್ಯರು. ಗಾಯಗೊಂಡವನ ಹೆಂಡತಿಗೆ ಟಿವಿಯಿಂದ ಸುದ್ದಿ ತಿಳಿಯುವಂತಾದರೆ ಆ ಮಾಲೀಕನ ಯಾವ ಮಾತನ್ನೂ ಅವನ ಕೆಲಸಗಾರರು ಮುಂದೆ ನಂಬುವುದಿಲ್ಲ. ಸಾರ್ವಜನಿಕರಲ್ಲಿ ಮೊದಲನೆಯವರು ಶಾಪ್ ಫ್ಲೋರಿನಲ್ಲೇ ಇದ್ದಾರೆ.

3. “ಕಾರಣ ಇನ್ನೂ ಗೊತ್ತಾಗಿಲ್ಲ, ಗೊತ್ತಾದ ಮೇಲೆ ಇಲ್ಲೇ ಬರೆದು ಹಾಕುತ್ತೇವೆ.”

ಐದರಲ್ಲಿ ಅತಿ ಕಷ್ಟದ ಸಾಲು ಇದೇ. ಕಾರಣ ಗೊತ್ತಾಗುವ ಮೊದಲೇ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಆತುರ ಎಂಥವರಿಗೂ ಬರುತ್ತದೆ. ಥಾಣೆಯಲ್ಲಿ ಒಂದು ಜಂಕ್ಷನ್ನಿಗೇ ಹೆಸರಾಗಿರುವ ಕ್ಯಾಡ್‌ಬರಿ ಕಂಪನಿಯನ್ನೇ ನೋಡಿ. 2003ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ, ಮುಂಬೈಯ ಡೈರಿ ಮಿಲ್ಕ್ ಚಾಕೊಲೇಟುಗಳಲ್ಲಿ ಹುಳು ಸಿಕ್ಕವು. ಅಂಗಡಿಯವರು ಸರಿಯಾಗಿ ಇಟ್ಟುಕೊಂಡಿಲ್ಲ ಎಂದಿತು ಕಂಪನಿ. ಪ್ಯಾಕಿಂಗ್ ಭದ್ರವಾಗಿತ್ತೇ ಎಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಪ್ರಶ್ನೆ ಎತ್ತಿತು. ಮಾರಾಟ ಕುಸಿಯಿತು. ಆಮೇಲೆ ಬಂದದ್ದು ‘ಪ್ರಾಜೆಕ್ಟ್ ವಿಶ್ವಾಸ್’: ಅಂಗಡಿಯವರಿಗೆ ಚಾಕೊಲೇಟ್ ಇಡುವ ಕ್ರಮದ ತಿಳುವಳಿಕೆ, 2004ರ ಆರಂಭದಲ್ಲಿ ಬಿಸಿಯಿಂದ ಸೀಲ್ ಮಾಡಿದ ಹೊಸ ಹೊದಿಕೆ, ಜಾಹೀರಾತಿನಲ್ಲಿ ಅಮಿತಾಭ್ ಬಚ್ಚನ್. ಮಾರಾಟ ಮತ್ತೆ ಚೇತರಿಸಿಕೊಂಡಿತು. ಹೊದಿಕೆ ಬದಲಾಗದೆ ಬರೀ ಬಚ್ಚನ್ ಬಂದಿದ್ದರೆ ಜನ ನಂಬುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕೆಲಸ ಸರಿಹೋದ ಮೇಲಷ್ಟೇ ಮಾತಿಗೆ ಬೆಲೆ.

4. “ಹೊಗೆಯಿಂದ ಕಣ್ಣು ಉರಿದರೆ ನೀರಿನಲ್ಲಿ ತೊಳೆದುಕೊಳ್ಳಿ, ಉರಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.”

ಓದುವವನಿಗೆ ಬೇಕಾದದ್ದು ಕಂಪನಿಯ ವಿಷಾದವಲ್ಲ, ತಾನೇನು ಮಾಡಬೇಕೆಂಬುದು. 1984ರಲ್ಲಿ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಭೋಪಾಲದ ಜನ ಯಾವ ಅನಿಲದಿಂದ ಓಡುತ್ತಿದ್ದೇವೆ ಎಂಬುದೂ ತಿಳಿಯದೆ ಓಡಿದರು. ಆ ದುರಂತದ ನಂತರ, 1987ರಲ್ಲಿ, ಫ್ಯಾಕ್ಟರಿ ಕಾಯ್ದೆಗೆ 41ಬಿ ಕಲಮು ಸೇರಿತು: ಅಪಾಯಕಾರಿ ಪ್ರಕ್ರಿಯೆ ನಡೆಸುವವರು ಅದರ ಅಪಾಯವನ್ನೂ ಮುನ್ನೆಚ್ಚರಿಕೆಯನ್ನೂ ಕಾರ್ಮಿಕರಿಗೆ ಮಾತ್ರವಲ್ಲ, ಅಕ್ಕಪಕ್ಕದ ಜನರಿಗೂ ತಿಳಿಸಬೇಕು ಎಂದು ಅದು ವಿಧಿಸಿತು. ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಸ್ಫೋಟವಾದಾಗ ಸುತ್ತಲಿನ ಕಟ್ಟಡಗಳ ಗಾಜುಗಳೂ ಒಡೆದು ಬಿದ್ದವು. ಗೋಡೆಯಾಚೆ ಏನು ಬೇಯುತ್ತಿದೆ ಎಂದು ತಿಳಿಯುವುದು ನೆರೆಯವರ ಹಕ್ಕು. ಈ ಸಾಲನ್ನು ಮರಾಠಿಯಲ್ಲೂ ಹಿಂದಿಯಲ್ಲೂ ದಪ್ಪಕ್ಷರದಲ್ಲಿ ಬರೆಯಬೇಕು.

5. “ಇಂದು ಸಂಜೆ 5ಕ್ಕೆ ನಮ್ಮ ಮ್ಯಾನೇಜರ್ ಗೇಟಿನ ಬಳಿ ಸಿಗುತ್ತಾರೆ, ಏನಿದ್ದರೂ ಕೇಳಿ.”

ಹಿಂದಿನ ನಾಲ್ಕೂ ಸಾಲುಗಳಿಗೆ ಇದು ಜಾಮೀನು. ವದಂತಿಗೆ ಉತ್ತರ ಕೊಡಲು ಎದುರಿಗೊಬ್ಬ ಮನುಷ್ಯ ಬೇಕು. ಸಾರ್ವಜನಿಕ ಸಂಪರ್ಕಾಧಿಕಾರಿಯನ್ನು (ಪಿಆರ್‌ಒ) ಇಟ್ಟುಕೊಳ್ಳಲು ಎಲ್ಲ ಘಟಕಕ್ಕೂ ಆಗದು. ವಾಗ್ಳೆ ಎಸ್ಟೇಟಿನಲ್ಲೇ ಇರುವ ಥಾಣೆ ಸಣ್ಣ ಕೈಗಾರಿಕೆಗಳ ಸಂಘದಂಥವು ಈ ಕೆಲಸಕ್ಕೆ ಒಬ್ಬರನ್ನು ತರಬೇತು ಮಾಡಿ ಕೊಡಬಹುದು.

ಮಾಲೀಕರೇ, ಈ ಐದು ಸಾಲನ್ನು ನಿಮ್ಮ ಘಟಕಕ್ಕೆ ಒಪ್ಪುವಂತೆ ಈ ವಾರವೇ ಬರೆದಿಡಿ. ನಾಲ್ಕನೆಯ ಸಾಲು ಬರೆಯಲಾಗದಿದ್ದರೆ ನೀವು ಬಳಸುವ ರಾಸಾಯನಿಕ ನಿಮಗೇ ಸರಿಯಾಗಿ ತಿಳಿದಿಲ್ಲವೆಂದು ಅರ್ಥ. ಮೊದಲು ಅದನ್ನು ತಿಳಿದುಕೊಳ್ಳಿ.