ಶಿಕ್ಷಕರ ತರಬೇತಿಯಲ್ಲಿ ವಚನಗಾಯನ: ಸಂಗೀತ ಅಧ್ಯಾಪಿಕೆಯ ಸ್ಥಾನ

ಶಿಕ್ಷಕರ ತರಬೇತಿ ಮಹಾವಿದ್ಯಾಲಯಗಳಲ್ಲಿ ಸಂಗೀತವನ್ನು ಕಲಿಸುವ ಹೊಣೆ ಬಹುಮಟ್ಟಿಗೆ ಮಹಿಳೆಯರ ಪಾಲಿಗೆ ಬಂದಿರುವುದನ್ನು ನಾನು ಬಲ್ಲ ಸಂಸ್ಥೆಗಳಲ್ಲಿ ಕಂಡಿದ್ದೇನೆ. ಆದರೆ ಪ್ರಾರ್ಥನೆ, ಸ್ವಾಗತಗೀತೆ, ಬಸವ ಜಯಂತಿಯಂದು ಎರಡು ವಚನ, ಇಷ್ಟಕ್ಕೆ ಆ ಹೊಣೆ ಮುಗಿಯುತ್ತದೆ. ವಚನದ ಅರ್ಥ ಹೇಳುವವರು ಕನ್ನಡದ ಅಧ್ಯಾಪಕರು. ರಾಗ ಕೂಡಿಸುವವರು ‘ಹಾಡಿನ ಮೇಡಂ’. ಈ ವಿಂಗಡಣೆಯೇ ದೋಷದ ಮೂಲವೆಂದು ನನ್ನ ಅಭಿಪ್ರಾಯ. ಹಾಡುವವರು ಎಲ್ಲಿ ಉಸಿರು ನಿಲ್ಲಿಸುತ್ತಾರೆ, ಯಾವ ಮಾತನ್ನು ಮರಳಿ ಎತ್ತಿಕೊಳ್ಳುತ್ತಾರೆ ಎಂಬುದರಿಂದಲೇ ಕೇಳುವವರಿಗೆ ವಚನದ ಅರ್ಥ ನಿಶ್ಚಯವಾಗುತ್ತದೆ. ಆದಕಾರಣ ಸಂಗೀತ ಅಧ್ಯಾಪಿಕೆಯೂ ವ್ಯಾಖ್ಯಾನಕಾರಳೇ ಸರಿ. ಆಕೆಯಿಂದ ಕಲಿತ ಪ್ರಶಿಕ್ಷಣಾರ್ಥಿಗಳು ಅದೇ ಧಾಟಿಯನ್ನು ಊರೂರ ಶಾಲೆಗಳಿಗೆ ಒಯ್ಯುತ್ತಾರೆ.

ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಅದರ ಲಯ ಆಡುಮಾತಿನ ಲಯ. ಸ್ವರವಚನಗಳ ಮಾತು ಬೇರೆ. ಅವು ಪಲ್ಲವಿ, ನುಡಿಗಳೊಡನೆ ಹಾಡಿಗೆಂದೇ ರಚಿತವಾದವು. ಅಕ್ಕಮಹಾದೇವಿಯ ಹೆಸರಿನಲ್ಲಿ ವಚನಗಳಲ್ಲದೆ ಸ್ವರವಚನಗಳೂ ತ್ರಿಪದಿಯ ‘ಯೋಗಾಂಗತ್ರಿವಿಧಿ’ಯೂ ದೊರೆತಿವೆ. ತಾಳದ ಪಾಠಕ್ಕೆ ಇವೆಲ್ಲ ಇರುವಾಗ, ವಚನವನ್ನೇ ಆದಿತಾಳಕ್ಕೆ ಬಗ್ಗಿಸಿ ಮೊದಲ ಸಾಲನ್ನು ಪಲ್ಲವಿಯಂತೆ ಹತ್ತು ಬಾರಿ ತಿರುಗಿಸುವುದೇಕೆ? ವಚನದ ಮಾತು ಅಂಕಿತದತ್ತ ಸಾಗುವಂಥದು. ಮತ್ತೆ ಮತ್ತೆ ಆರಂಭಕ್ಕೇ ಎಳೆದರೆ ಆ ನಡೆ ಮುರಿಯುತ್ತದೆ.

ಶರಣೆಯರ ವಚನಗಳಲ್ಲಿ ಈ ಸಂಗತಿ ಇನ್ನೂ ಸೂಕ್ಷ್ಮವಾದುದು. ಮುಕ್ತಾಯಕ್ಕನ ಅಂಕಿತದಲ್ಲಿರುವುದು ಅಗಲಿದ ಅಣ್ಣ ಅಜಗಣ್ಣನ ಹೆಸರು. ಆ ಹೆಸರು ಬರುವೆಡೆ ಭಜನೆಯ ಉತ್ಸಾಹ ಸಲ್ಲದು. ಅಲ್ಲಿರುವುದು ಅಲ್ಲಮನೆದುರು ನಿಂತ ಶೋಕ, ಅದರೊಡನೆ ಹರಿತವಾದ ಜಿಜ್ಞಾಸೆ. ಆಯ್ದಕ್ಕಿ ಲಕ್ಕಮ್ಮ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ನೇರವಾಗಿ ಪ್ರಶ್ನಿಸುತ್ತಾಳೆ. ಆಕೆಯ ವಚನವನ್ನು ವಿಲಂಬ ಲಯದಲ್ಲಿ ಕರುಣಾಜನಕವಾಗಿ ಎಳೆದು ಹಾಡಿದ್ದನ್ನು ಕೇಳಿದ್ದೇನೆ. ಗಂಡನನ್ನು ತಿದ್ದುವ ಹೆಂಡತಿ ಅಂಗಲಾಚುವ ಹೆಂಡತಿಯಾಗಿಬಿಟ್ಟಳು! ಇದನ್ನು ಮೊದಲು ಗುರುತಿಸಬೇಕಾದವಳು ಕಲಿಸುವ ಅಧ್ಯಾಪಿಕೆ. ಆದರೆ ಪಠ್ಯವನ್ನು ಕುರಿತು ಮಾತನಾಡುವ ಅಧಿಕಾರವನ್ನು ನಾವು ಆಕೆಗೆ ಕೊಟ್ಟೇ ಇಲ್ಲ.

ಶರಣೆಯರ ವಚನಕ್ಕೆ ಹೆಣ್ಣಿನ ಕಂಠವೇ ಬೇಕೆಂದು ಇದರ ಅರ್ಥವಲ್ಲ. ಮಲ್ಲಿಕಾರ್ಜುನ ಮನಸೂರರು (1910-1992) ಅಕ್ಕನ ವಚನಗಳನ್ನು ಹಾಡಿದ ಬಗೆಯನ್ನು ಬಲ್ಲವರು ಆ ವಾದವನ್ನು ಹೂಡಲಾರರು. ಬೇಕಾದುದು ಪಠ್ಯದೊಡನೆ ಒಡನಾಟ. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಾಗ 5ನೆಯ ಸಂಪುಟವನ್ನು ಶಿವಶರಣೆಯರಿಗೇ ಮೀಸಲಿಟ್ಟಿತು. ಆ ಸಂಪುಟ ಗ್ರಂಥಾಲಯದ ಬೀರುವಿನಲ್ಲಿಯೇ ಉಳಿದು, ಎಲ್ಲಿಂದಲೋ ಬರೆದುಕೊಂಡ ಹಾಳೆಯಿಂದ ಹಾಡಿನ ಪಾಠ ನಡೆಯುವುದು ಯಾರಿಗೂ ಶೋಭೆಯಲ್ಲ.

2014ರ ನಿಯಮಾವಳಿಯಿಂದ ಬಿ.ಎಡ್. ಶಿಕ್ಷಣ ಎರಡು ವರ್ಷದ್ದಾದಾಗ ಪಠ್ಯಕ್ರಮದ ಚೌಕಟ್ಟಿನಲ್ಲಿ ನಾಟಕ ಮತ್ತು ಕಲೆಗೆ ಪ್ರತ್ಯೇಕ ಸ್ಥಾನ ದೊರೆಯಿತು. ಕಾಗದದ ಮೇಲಿನ ಆ ಮನ್ನಣೆ ಅಭ್ಯಾಸಪಾಠದವರೆಗೂ ಬರಬೇಕು. ಪ್ರಶಿಕ್ಷಣಾರ್ಥಿ ವಚನವನ್ನು ಪಾಠಕ್ಕೆ ಆಯ್ದುಕೊಂಡ ದಿನ ಕನ್ನಡದ ಅಧ್ಯಾಪಕರ ಪಕ್ಕದಲ್ಲಿ ಸಂಗೀತ ಅಧ್ಯಾಪಿಕೆಯೂ ಕುಳಿತು ಪಾಠವನ್ನು ವೀಕ್ಷಿಸಲಿ. ಆಕೆ ನೀಡಿದ ಅಂಕವೂ ಲೆಕ್ಕಕ್ಕೆ ಸೇರಲಿ.