ತಾನಾಗಿ ಎಡಕ್ಕೆ ಹೋಗುವ ಕೋಲು

ಕಳೆದ ಓಣಂ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಆರನೇ ಕ್ಲಾಸಿನ ಹುಡುಗ. ಅವನಪ್ಪ ದುಬೈಯಿಂದ ತಂದುಕೊಟ್ಟ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮೊಂದು ಜೊತೆಯಲ್ಲಿತ್ತು. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಎರಡನೇ ದಿನ ಸಂಜೆ ಹುಡುಗ ಜಗಲಿಯ ಮೂಲೆಯಲ್ಲಿ ಸಪ್ಪಗೆ ಕೂತಿದ್ದ.

"ಎಂತಾಯ್ತು?" ಅಂತ ಕೇಳಿದೆ.

"ನನಗೆ ಆಡ್ಲಿಕ್ಕೆ ಬರುದಿಲ್ಲ ಮಾವ. ನೇರ ಹೋಗು ಅಂದ್ರೂ ಇವ ಎಡಕ್ಕೇ ಹೋಗ್ತಾನೆ. ನನ್ನ ಕೈ ಸರಿ ಇಲ್ಲ ಕಾಣ್ತದೆ."

ಯಂತ್ರವನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಆಡಿಸುವ ಕೋಲನ್ನು ಮುಟ್ಟದೆ ಸುಮ್ಮನೆ ಹಿಡಿದೆ. ಪರದೆಯ ಮನುಷ್ಯ ಆಗಲೂ ಎಡಕ್ಕೇ ನಡೆಯುತ್ತಿದ್ದ. ತಪ್ಪು ಹುಡುಗನ ಕೈಯದ್ದಲ್ಲ, ಕೋಲಿನದ್ದು.

ಆಟದ ಸಾಮಾನಿಗೂ ವಿಮರ್ಶೆಯಾ ಅಂತ ನಗಬೇಡಿ. ಮಕ್ಕಳು ಗಂಟೆಗಟ್ಟಲೆ ಕೈಯಲ್ಲಿ ಹಿಡಿಯುವ ವಸ್ತುವನ್ನು ದೊಡ್ಡವರು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಮೊದಲು ಕೋಲು ಇಲ್ಲದ ಕಾಲದ ಮಾತು. 1982ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಗುನ್‌ಪೇ ಯೊಕೊಯಿ ಎಂಬವರು 'ಡಾಂಕಿ ಕಾಂಗ್' ಆಟವನ್ನು ಪುಸ್ತಕದ ಹಾಗೆ ಮಡಚುವ ಪುಟ್ಟ ಯಂತ್ರದೊಳಗೆ ತಂದರು. ಕೋಲು ಎದ್ದು ನಿಂತರೆ ಮುಚ್ಚಳ ಮುಚ್ಚುವುದಿಲ್ಲವಲ್ಲ. ಹಾಗಾಗಿ ಪ್ಲಸ್ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿ ಮಾಡಿದರು. 1989ರ ಗೇಮ್ ಬಾಯ್ ಯಂತ್ರದಲ್ಲಿಯೂ ಅದೇ ಗುಂಡಿ. ಒತ್ತಿದರೆ ಅಡಿಯ ರಬ್ಬರು ಕುಗ್ಗುತ್ತದೆ, ರಬ್ಬರಿನ ಕರಿ ಬಿಲ್ಲೆ ಬೋರ್ಡಿಗೆ ತಾಗಿ ಕರೆಂಟು ಹರಿಯುತ್ತದೆ. ನಮ್ಮ ಟೀವಿ ರಿಮೋಟಿನ ಒಳಗೆ ಉಂಟಲ್ಲ, ಅದೇ ಕ್ರಮ. ರಿಮೋಟು ಹಠ ಹಿಡಿದರೆ ಬಿಚ್ಚಿ ಒರೆಸಿ ಸರಿ ಮಾಡುವವರು ಪ್ರತಿ ಮನೆಯಲ್ಲೂ ಇದ್ದಾರೆ.

ಆದರೆ ಪ್ಲಸ್ ಗುಂಡಿಗೆ ಎರಡೇ ಮಾತು ಗೊತ್ತು: ಒತ್ತಿದೆ, ಒತ್ತಿಲ್ಲ. ಮೆಲ್ಲ ನಡೆ, ಜೋರಾಗಿ ಓಡು ಎಂಬ ವ್ಯತ್ಯಾಸ ಹೇಳಲು ಅದಕ್ಕೆ ಬಾರದು. ಕೋಲಿಗೆ ಬರುತ್ತದೆ. ಎಷ್ಟು ವಾಲಿಸಿದರೆ ಅಷ್ಟು ವೇಗ. ಇದು ಕೋಲಿನ ದೊಡ್ಡ ಗುಣ, ಒಪ್ಪಬೇಕು. ಹೆಚ್ಚಿನ ಕೋಲುಗಳಲ್ಲಿ ಈ ವಾಲುವಿಕೆಯನ್ನು ಅಳೆಯುವುದು ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುವ ಒಂದು ಸಣ್ಣ ಲೋಹದ ನಾಲಗೆ. ಹಳೆ ರೇಡಿಯೋದ ವಾಲ್ಯೂಮ್ ಗುಬ್ಬಿಯೂ ಇದೇ ಜಾತಿ. ಹಳತಾದ ಮೇಲೆ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ನೆನಪಿದೆಯೆ? ರೇಡಿಯೋವನ್ನು ದಿನಕ್ಕೆ ನಾಲ್ಕು ಸಲ ತಿರುಗಿಸುತ್ತಿದ್ದೆವು. ಮಗು ಕೋಲನ್ನು ಬಿಡದೆ ತಿರುಗಿಸುತ್ತದೆ. ಪಟ್ಟಿ ಸವೆದರೆ, ಪುಡಿ ಕೂತರೆ, ನಡು ಎಲ್ಲಿ ಎಂಬ ಲೆಕ್ಕವೇ ಯಂತ್ರಕ್ಕೆ ತಪ್ಪುತ್ತದೆ.

ಇದು ಹೆಸರಿಲ್ಲದ ಸಾಮಾನಿನ ಪಾಡು ಮಾತ್ರವಲ್ಲ. ನಿಂಟೆಂಡೋ 2017ರಲ್ಲಿ ತಂದ ಸ್ವಿಚ್ ಯಂತ್ರದ 'ಜಾಯ್‌ಕಾನ್' ಹಿಡಿಗಳ ಬಗ್ಗೆ ಇದೇ ದೂರು ಎದ್ದಿತು. 2019ರಲ್ಲಿ ಅಮೆರಿಕದ ಕೋರ್ಟಿಗೆ ಹೋಯಿತು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವ ತೊಂದರೆಗಾಗಿ ಕ್ಷಮೆ ಕೇಳಿದರು. ಉಜ್ಜದೆ ಅಳೆಯುವ ದಾರಿ ಆಗ ಇರಲಿಲ್ಲವೆ? ಇತ್ತು. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್‌ನ ಹಿಡಿಯಲ್ಲೇ ಆಯಸ್ಕಾಂತದಿಂದ ಅಳೆಯುವ ಕೋಲು ಇಟ್ಟಿತ್ತು. ಒಂದಕ್ಕೊಂದು ತಾಗುವುದಿಲ್ಲವಾದ್ದರಿಂದ ಅಲ್ಲಿ ಸವೆಯುವ ಪಟ್ಟಿಯೇ ಇಲ್ಲ.

ಹಾಗಂತ ಸವೆಯುವುದೇ ಅಪರಾಧ ಅಂತ ನಾನು ಹೇಳುವುದಿಲ್ಲ. ಚಪ್ಪಲಿ ಸವೆಯುತ್ತದೆ, ಸೈಕಲಿನ ಬ್ರೇಕ್ ರಬ್ಬರು ಸವೆಯುತ್ತದೆ. ಬದಲಿಸುತ್ತೇವೆ, ಮುಗಿಯಿತು. ನನ್ನ ತಕರಾರು ಬದಲಿಸಲು ಬಿಡದ ವಿನ್ಯಾಸದ ಮೇಲೆ. ಜಾಯ್‌ಕಾನ್ ಒಳಗೆ ಕೋಲು ನಿಂತಿರುವುದು ಎರಡು ಸ್ಕ್ರೂ, ಒಂದು ಪಟ್ಟಿ ವಯರಿನಲ್ಲಿ. ತೆಗೆಯುವುದು ಕಷ್ಟವಲ್ಲ. ಆದರೆ ಹೊರಗಿನ ಚಿಪ್ಪಿಗೆ ಹಾಕಿದ್ದು ಮೂರು ಗೆರೆಯ ವಿಶೇಷ ಸ್ಕ್ರೂ. ಮನೆಯಲ್ಲಿರುವ ಸ್ಕ್ರೂ ಡ್ರೈವರ್ ಅದಕ್ಕೆ ಕೂರುವುದಿಲ್ಲ. ಒಳಕೋಣೆ ತೆರೆದಿಟ್ಟು ಹೆಬ್ಬಾಗಿಲಿಗೆ ಬೀಗ ಹಾಕಿದ ಹಾಗೆ. ಬೇರೆ ರೀತಿಯಲ್ಲಿಯೂ ಮಾಡಬಹುದು ಎನ್ನುವುದಕ್ಕೆ ವಾಲ್ವ್ ಕಂಪನಿಯ 2022ರ ಸ್ಟೀಮ್ ಡೆಕ್ ಸಾಕ್ಷಿ. ಅದರ ಬೆನ್ನಿನ ಸ್ಕ್ರೂಗಳು ಸಾಮಾನ್ಯದವು, ಕೋಲು ಬಿಡಿ ಭಾಗವಾಗಿಯೇ ಮಾರಾಟಕ್ಕೆ ಸಿಗುತ್ತದೆ.

ನಮ್ಮ ಹುಡುಗನ ಯಂತ್ರವನ್ನು ಕಾಸರಗೋಡು ಪೇಟೆಗೆ ಕೊಂಡುಹೋದೆ. ಮೊಬೈಲ್ ರಿಪೇರಿಯವರು ಬಿಚ್ಚಿದರು. ಕೋಲನ್ನು ಬೋರ್ಡಿಗೇ ಬೆಸುಗೆ ಹಾಕಿತ್ತು. "ತೆಗೀಲಿಕ್ಕೆ ಹೋದ್ರೆ ಬೋರ್ಡೇ ಹೋದೀತು. ಹೊಸತು ತಗೊಳ್ಳುದು ಒಳ್ಳೇದು" ಅಂದರು. ಹುಡುಗನಿಗೆ ಬೇಸರವಾಗುತ್ತದೆ ಅಂದುಕೊಂಡಿದ್ದೆ. ಅವನು ಬಿಚ್ಚಿಟ್ಟ ಕೋಲನ್ನೇ ನೋಡುತ್ತಾ, "ಹಾಗಾದ್ರೆ ನನ್ನ ಕೈ ಸರಿ ಉಂಟಲ್ವಾ ಮಾವ?" ಅಂತ ಕೇಳಿದ.

ಇಂಥದ್ದನ್ನು ಕೊಳ್ಳುವ ತಂದೆತಾಯಿಯರು ಪರದೆ ಎಷ್ಟು ದೊಡ್ಡದು, ಆಟ ಎಷ್ಟುಂಟು ಅಂತ ಕೇಳುತ್ತಾರೆ. ಅದರ ಜೊತೆ ಇನ್ನೆರಡು ಕೇಳಿ. ಕೋಲು ಉಜ್ಜುವ ಜಾತಿಯದ್ದೋ ಆಯಸ್ಕಾಂತದ್ದೋ? ಹಾಳಾದರೆ ಕೋಲು ಮಾತ್ರ ಬದಲಿಸಲಿಕ್ಕೆ ಆಗುತ್ತದೋ? ಅಂಗಡಿಯವನಿಗೆ ಉತ್ತರ ಬಾರದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.