ಕಬೀರ್ ಖಾನನ ಶಿಬಿರ, ಸೋಲೂರಿನ ಬಸ್ಸು

2007ರಲ್ಲಿ ತೆರೆಕಂಡ, ಶಿಮಿತ್ ಅಮೀನ್ ನಿರ್ದೇಶನದ ‘ಚಕ್ ದೇ! ಇಂಡಿಯಾ’ ಚಿತ್ರವನ್ನು ನಾವು ಬಹುತೇಕ ಕಬೀರ್ ಖಾನನ ಕಥೆಯಾಗಿಯೇ ನೋಡಿದೆವು. ಪಾಕಿಸ್ತಾನದ ವಿರುದ್ಧ ಪೆನಾಲ್ಟಿ ಸ್ಟ್ರೋಕ್ ತಪ್ಪಿದ್ದಕ್ಕೆ ದ್ರೋಹಿಯೆನಿಸಿಕೊಂಡ ನಾಯಕ, ಏಳು ವರ್ಷಗಳ ನಂತರ ಮಹಿಳಾ ಹಾಕಿ ತಂಡದ ತರಬೇತುದಾರನಾಗಿ ಮರಳಿ ಮರ್ಯಾದೆ ಗಳಿಸುತ್ತಾನೆ. ಆ ನೋವು ನಮ್ಮದೂ ಆಗಿದ್ದರಿಂದ ಕಣ್ಣು ತೇವವಾಯಿತು. ಮತ್ತೆ ನೋಡಿದಾಗ ಮಾತ್ರ ಚಿತ್ರ ಕೇಳದೆ ಬಿಟ್ಟ ಪ್ರಶ್ನೆಯೊಂದು ಕಾಡುತ್ತದೆ: ಶಿಬಿರದ ಬಾಗಿಲವರೆಗೂ ಬರಲಾಗದವರ ಗತಿಯೇನು?

ಚಿತ್ರಕ್ಕೆ ಸಾಮಾಜಿಕ ಹಿನ್ನೆಲೆ ಗೊತ್ತಿಲ್ಲವೆಂದಲ್ಲ. ಜಾರ್ಖಂಡಿನ ರಾಣಿ, ಸೋಯಿಮೊಯಿ ಭಾಷೆ ಬಾರದೆ ಪೇಚಾಡುತ್ತಾರೆ. ವಿದ್ಯಾ ಶರ್ಮಾಳನ್ನು ಗಂಡನ ಮನೆ ಹಿಂದಕ್ಕೆಳೆಯುತ್ತದೆ. ಆದರೆ ಇವರೆಲ್ಲ ಆಗಲೇ ಆಯ್ಕೆಯಾಗಿ ಬಂದವರು. ರಾಜ್ಯದ ಹೆಸರು ಬಿಟ್ಟು ದೇಶದ ಹೆಸರು ಹೇಳಿ ಎನ್ನುತ್ತಾನೆ ಕಬೀರ್. ಚಿತ್ರದ ಮಟ್ಟಿಗೆ ಹಿನ್ನೆಲೆಯೆಂದರೆ ಮರೆಯಬೇಕಾದ ಒಂದು ಗುರುತು.

ಮಾಗಡಿ ಸೀಮೆಯ ಸೋಲೂರಿನಲ್ಲಿ ಹಿನ್ನೆಲೆಯೆಂದರೆ ಹೊತ್ತು, ದುಡ್ಡು, ದಾರಿ. ಇವನ್ನು ಮರೆಯಲಾಗದು. ಪದವಿಗೆಂದು ನೆಲಮಂಗಲಕ್ಕೋ ಬೆಂಗಳೂರಿಗೋ ಬಸ್ಸು ಹಿಡಿಯುವ ಹುಡುಗಿ, ತರಗತಿ ಮುಗಿದ ಮೇಲಿನ ಅಭ್ಯಾಸಕ್ಕೆ ನಿಂತರೆ ಮನೆ ಸೇರುವಾಗ ಮಗ್ರಿಬ್ ದಾಟಿರುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆ ಅವಳ ಟಿಕೆಟ್ಟಿನ ದುಡ್ಡು ಉಳಿಸಿತು. ಕತ್ತಲೆಯನ್ನು ಕಡಿಮೆ ಮಾಡಲಿಲ್ಲ. ಅವಳ ಅಣ್ಣನಿಗೆ ಕತ್ತಲೆಯ ಅಂಜಿಕೆಯಿಲ್ಲ. ಆದರೆ ಸಂಜೆ ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ದುಡಿಯದಿದ್ದರೆ ಫೀಸು ಕಟ್ಟುವಂತಿಲ್ಲ. ಬೂಟು, ಹಾಲು, ಮೊಟ್ಟೆ ಆಮೇಲಿನ ಮಾತು. ಕಾಲೇಜಿನ ಲೆಕ್ಕದಲ್ಲಿ ಇಬ್ಬರೂ ‘ಆಸಕ್ತಿ ಇಲ್ಲದವರು’.

ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಕ್ಕದ ಹೆಸರಿನಲ್ಲೇ ತಂಡ. ಹೆಂಗಸರೂ ಗಂಡಸರ ಜೊತೆ ಸ್ಟಿಕ್ ಹಿಡಿಯುತ್ತಾರೆ. ಇದನ್ನು ರಕ್ತದ ಗುಣವೆನ್ನುವವರುಂಟು. ನಮಗೆ ಕಾಣುವುದು, ಮನೆಯೇ ಮಕ್ಕಳನ್ನು ಮೈದಾನಕ್ಕೆ ಕಳಿಸುವ ರೂಢಿ.

ನಮ್ಮ ಹುಡುಗಿಯರು ಆಡದಿದ್ದರೆ ಹೊರಗಿನವರು ಬುರ್ಖಾದ ಕಡೆ ಬೆರಳು ತೋರಿಸುತ್ತಾರೆ. ನಮ್ಮ ಹಿರಿಯರು ಹಯಾದ ಹೆಸರು ಹೇಳುತ್ತಾರೆ. ಹೀಗೆ ಇಬ್ಬರಿಗೂ ಬಸ್ಸಿನ ವೇಳೆ ವಿಚಾರಿಸುವ ಕಷ್ಟ ತಪ್ಪುತ್ತದೆ.

ಫೈನಲ್‌ಗೆ ಮುನ್ನ ಕಬೀರ್ ಆಟಗಾರ್ತಿಯರಿಗೆ ಪಂದ್ಯದ ಎಪ್ಪತ್ತು ನಿಮಿಷಗಳ ಬೆಲೆ ತಿಳಿಸುತ್ತಾನೆ. ಸೋಲೂರಿನ ವಿದ್ಯಾರ್ಥಿಗೆ ದಿನದಲ್ಲಿ ಅಷ್ಟು ಹೊತ್ತು ಬಿಡಿಸಿಕೊಡುವವರು ಯಾರು? ಅಭ್ಯಾಸವನ್ನು ತರಗತಿಯ ವೇಳೆಯೊಳಗೇ ತಂದರೆ ಕಾಲೇಜು ಕೊಡಬಹುದು. ಮಗಳು ತೊಳೆಯುವ ಪಾತ್ರೆಯಲ್ಲಿ ಅರ್ಧ ಮಗನ ಮುಂದಿಟ್ಟರೆ ನಾವೂ ಕೊಡಬಹುದು.